ಅಚ್ಚಿನ ಮೊಳೆಯಿಂದ ಬೆರಳ ತುದಿಗೆ: ದಾವಣಗೆರೆಯಲ್ಲಿ ಮಾತು, ಚಿತ್ರ ಹರಡಿದ ಬಗೆ

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆ ಯಾರ ಹೆಸರನ್ನು ಹೊತ್ತಿದೆಯೋ ಆ ನಾಯಕರಿಗೆ ದಿನಚರಿ ಬರೆಯುವ ರೂಢಿ ಇತ್ತು. 1902ರ ಡಿಸೆಂಬರ್ 10ರಂದು ಹರಪನಹಳ್ಳಿ ಸೀಮೆಯ ಹಲುವಾಗಲಿನಲ್ಲಿ ಹುಟ್ಟಿದ ಎಸ್. ನಿಜಲಿಂಗಪ್ಪ ದಾವಣಗೆರೆಯಲ್ಲೂ ಓದಿದವರು. 1956ರಲ್ಲಿ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು, 1968ರಲ್ಲಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಮರುವರ್ಷ ಪಕ್ಷ ಬಿರುಕು ಬಿಡತೊಡಗಿದಾಗ, ಇಂದಿರಾ ಗಾಂಧಿ ಪ್ರಧಾನಿಯಾಗಿ ಮುಂದುವರಿಯಲು ತಕ್ಕವರೇ ಎಂಬ ಅನುಮಾನವನ್ನು ಅವರು ಮೊದಲು ಬರೆದಿಟ್ಟುಕೊಂಡದ್ದು ದಿನಚರಿಯಲ್ಲಿ. ಆಮೇಲೆ ಇಬ್ಬರ ನಡುವೆ ಪತ್ರಗಳು ಓಡಾಡಿದವು. ಕೊನೆಗೆ ಪತ್ರಿಕಾ ಹೇಳಿಕೆಗಳು ಬಂದವು, 1969ರ ನವೆಂಬರ್ 12ರಂದು ಪಕ್ಷದಿಂದ ಇಂದಿರಾ ಅವರ ಉಚ್ಚಾಟನೆಯೂ ಆಯಿತು. ದಿನಚರಿಯ ಆ ಸಾಲುಗಳನ್ನು ಇತಿಹಾಸಕಾರರು ತಮ್ಮ ಪುಸ್ತಕಗಳಲ್ಲಿ ಉಲ್ಲೇಖಿಸಿದ್ದು ಎಷ್ಟೋ ವರ್ಷಗಳ ಮೇಲೆ.

ತನಗಾಗಿ ಬರೆದುಕೊಂಡದ್ದು, ಒಬ್ಬರಿಗೆ ಬರೆದದ್ದು, ಊರಿಗೆಲ್ಲ ಹೇಳಿದ್ದು: ಈ ಮೂರಕ್ಕೂ ಆಗ ಬೇರೆ ಬೇರೆ ಕಾಗದ ಇತ್ತು, ಬೇರೆ ಬೇರೆ ದಾರಿ ಇತ್ತು. ಒಂದರಿಂದ ಇನ್ನೊಂದಕ್ಕೆ ಮಾತು ದಾಟಬೇಕಾದರೆ ಹೊತ್ತು ಹಿಡಿಯುತ್ತಿತ್ತು, ನಡುವೆ ಇನ್ನೊಬ್ಬರ ಕೈ ಬೇಕಾಗುತ್ತಿತ್ತು. ಇವತ್ತು ಅದೇ ಬಡಾವಣೆಯ ಮನೆಯೊಂದರಲ್ಲಿ ರಾತ್ರಿ ಊಟ ಮುಗಿಸಿ ಫೋನು ಹಿಡಿದು ಕೂತವರಿಗೆ ಮೂರೂ ಒಂದೇ ಗಾಜಿನ ಮೇಲೆ, ಒಂದೇ ಬೆರಳಿನ ಅಳತೆಯಲ್ಲಿ ಸಿಗುತ್ತವೆ. ಫೋಟೊ, ಕಾಮೆಂಟು, ಸ್ಟೇಟಸ್ಸು ಹಾಕುವ ಮುನ್ನ ಯೋಚಿಸಬೇಕು ಎಂಬ ಮಾತು ಹೊಸ ಕಾಲದ್ದೆಂದು ತೋರುತ್ತದೆ. ಆದರೆ ಆ ಯೋಚನೆಗೆ ಈ ಸೀಮೆಯಲ್ಲಿ ಹಳೆಯ ಚರಿತ್ರೆಯೇ ಇದೆ. ಅದನ್ನು ಆಗ ಮಾಡುತ್ತಿದ್ದವರು ಬೇರೆ, ಅಷ್ಟೇ.

ಅಂಚೆ ಕಾರ್ಡಿನಿಂದ ಆರಂಭಿಸಬಹುದು. ಭಾರತದಲ್ಲಿ ಅದು ಬಂದದ್ದು 1879ರ ಜುಲೈ 1ರಂದು, ಕಾಲಾಣೆ ಬೆಲೆಗೆ. ಮುಚ್ಚುವ ಲಕೋಟೆ ಇಲ್ಲದ ಕಾಗದ. ಅಂಚೆಯಣ್ಣ ಓದಬಹುದು, ಪಕ್ಕದ ಮನೆಯವರು ಓದಬಹುದು, ಅಕ್ಷರ ಬಾರದ ಮನೆಗೆ ಬಂದರೆ ಬೀದಿಯಲ್ಲಿ ಸಿಕ್ಕ ಶಾಲೆಯ ಹುಡುಗನೇ ಗಟ್ಟಿಯಾಗಿ ಓದಿ ಹೇಳಬಹುದು. ಹಾಗಾಗಿ ಕಾರ್ಡಿನಲ್ಲಿ ಬರೆಯುವುದಕ್ಕೆ ಜನರೇ ಒಂದು ಮಿತಿ ಕಟ್ಟಿಕೊಂಡಿದ್ದರು. ಕ್ಷೇಮ ಸಮಾಚಾರ, ಮಳೆ ಬೆಳೆ, ಬರುವ ದಿನ, ತಲುಪಿದ ಸುದ್ದಿ, ಇಷ್ಟು. ಸೊಸೆಯ ಮೇಲಿನ ದೂರು, ಸಾಲದ ಲೆಕ್ಕ, ಹುಡುಗಿ ನೋಡಿದ ವಿಚಾರ ಲಕೋಟೆಯೊಳಗೆ ಹೋಗುತ್ತಿದ್ದವು. ಸಾವಿನ ಸುದ್ದಿ ಹೊತ್ತ ಕಾಗದವನ್ನು ಓದಿದೊಡನೆ ಹರಿದು ಹಾಕುವುದು ಇನ್ನೊಂದು ಪದ್ಧತಿ. ಯಾವ ಮಾತು ತೆರೆದು ಹೋಗಬೇಕು, ಯಾವುದು ಮುಚ್ಚಿ ಹೋಗಬೇಕು, ಯಾವುದು ಉಳಿಯಲೇಬಾರದು ಎಂಬುದನ್ನು ಓದು ಬರಹ ಅಷ್ಟಾಗಿ ಇಲ್ಲದ ಮನೆಗಳೂ ತಿಳಿದಿದ್ದವು.

ಅಚ್ಚಿನ ಮಾತಿಗೆ ಬಂದರೆ ಹೊಣೆ ಇನ್ನೂ ಸ್ಪಷ್ಟ. ಬ್ರಿಟಿಷ್ ಭಾರತದಲ್ಲಿ 1867ರ ಮುದ್ರಣ ಕಾಯ್ದೆ, ಅಚ್ಚಾದ ಪ್ರತಿ ಪುಸ್ತಕ ಮತ್ತು ಪತ್ರಿಕೆಯ ಮೇಲೆ ಮುದ್ರಕರ ಹೆಸರು, ಮುದ್ರಣವಾದ ಸ್ಥಳ ಇರಲೇಬೇಕೆಂದು ವಿಧಿಸಿತು. ಚುನಾವಣೆಯ ಕರಪತ್ರಕ್ಕೆ ಇವತ್ತಿಗೂ ಅದೇ ನಿಯಮ. ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಮಿನ ಪ್ರಕಾರ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇಲ್ಲದ ಕರಪತ್ರ ಹೊರಬರುವಂತಿಲ್ಲ. ಹೀಗಾಗಿ ಪ್ರೆಸ್ಸಿನ ಮಾಲೀಕರು ಬರೀ ಮೊಳೆ ಜೋಡಿಸಿ ಕೊಡುವವರಾಗಿರಲಿಲ್ಲ. ಯಾರೋ ಸಿಟ್ಟಿನಲ್ಲಿ ಬರೆದು ತಂದ ಹಾಳೆಯನ್ನು ಓದಿ, ‘ಇದರ ಕೆಳಗೆ ನನ್ನ ಪ್ರೆಸ್ಸಿನ ಹೆಸರು ಬರುತ್ತೆ, ಈ ಸಾಲು ತೆಗೀರಿ’ ಎನ್ನುವ ಅಧಿಕಾರ ಅವರಿಗಿತ್ತು. ಕರಡು ತಿದ್ದುವ ಹೊತ್ತಿಗೆ ಬರೆದವರ ಸಿಟ್ಟೂ ಅರ್ಧ ಇಳಿದಿರುತ್ತಿತ್ತು.

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡುವುದು ಅಗತ್ಯ. ತಾನೇ ತಡೆದು ಯೋಚಿಸುವುದು ಒಂದು, ಆಳುವವರು ಬಾಯಿ ಕಟ್ಟುವುದು ಇನ್ನೊಂದು. ದಾವಣಗೆರೆ, ಹರಿಹರ ಎರಡೂ ಆಗ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಮುಂಬಯಿ ಪ್ರಾಂತ್ಯದ ನೆಲ. 1908ರಲ್ಲಿ, ದಿವಾನ್ ವಿ.ಪಿ. ಮಾಧವರಾವ್ ಅವರ ಕಾಲದಲ್ಲಿ, ಸಂಸ್ಥಾನದೊಳಗೆ ಪತ್ರಿಕೆ ನಡೆಸಲು ಸರ್ಕಾರದ ಅನುಮತಿ ಬೇಕೆಂಬ ಕಾಯ್ದೆ ಬಂತು. ‘ತಾತಯ್ಯ’ ಎಂದು ನಾಡು ಕರೆದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ವಿರೋಧಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ತಾತಯ್ಯನವರು ತೂಕದ ಮಾತಿನ ಮನುಷ್ಯ. ತೂಕ ಮಾಡುವ ತಕ್ಕಡಿಯನ್ನು ಸರ್ಕಾರ ಕಿತ್ತುಕೊಳ್ಳುವುದನ್ನು ಅವರು ಒಪ್ಪಲಿಲ್ಲ. ಈ ಭೇದ ಮರೆತರೆ ‘ಯೋಚಿಸಿ ಬರೆಯಿರಿ’ ಎಂಬ ಮಾತು ‘ಬರೆಯಲೇಬೇಡಿ’ ಎಂಬ ಬೆದರಿಕೆಯಾಗಿ ಬಿಡುತ್ತದೆ. ನೂರು ವರ್ಷಗಳ ನಂತರ ಅಂಥದೇ ತಪ್ಪು ಮತ್ತೆ ಆಯಿತು, ಅದು ಮುಂದೆ ಬರುತ್ತದೆ.

ಯಾರ ಹೆಸರೂ ಇಲ್ಲದೆ ಹರಡುವ ಮಾತು ಹಿಂದೆ ಇರಲಿಲ್ಲವೆಂದಲ್ಲ. ‘ಈ ಕಾಗದ ಸಿಕ್ಕವರು ಇಷ್ಟು ಪ್ರತಿ ಬರೆದು ಹಂಚಿ, ಹಂಚಿದವರಿಗೆ ಲಾಭ, ಅಸಡ್ಡೆ ಮಾಡಿದವರಿಗೆ ನಷ್ಟ’ ಎನ್ನುವ ಕಾರ್ಡುಗಳು, ಕರಪತ್ರಗಳು ದೇವರ ಹೆಸರಿನಲ್ಲಿ ಮನೆ ಮನೆಗೆ ಬರುತ್ತಿದ್ದವು. ಇಂದಿನ ಫಾರ್ವರ್ಡಿನ ಹಿರಿಯಜ್ಜ ಅದೇ. 1990ರ ದಶಕದಲ್ಲಿ ಕರ್ನಾಟಕದ ಹಲವು ಊರುಗಳ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿತ್ತು. ರಾತ್ರಿ ಪರಿಚಿತರ ದನಿಯಲ್ಲಿ ಕರೆಯುವ ದೆವ್ವಕ್ಕೆ ಮರುದಿನ ಬರಲು ಹೇಳಿ ಕಳಿಸುವ ಉಪಾಯ. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆಂಬ ಸುದ್ದಿ ಹಗಲು ಮುಗಿಯುವುದರೊಳಗೆ ದೇಶವನ್ನೆಲ್ಲ ಸುತ್ತಿತು. ಆಗ ಯಾರ ಕೈಯಲ್ಲೂ ಸ್ಮಾರ್ಟ್‌ಫೋನ್ ಇರಲಿಲ್ಲ. ವದಂತಿಯ ಹಸಿವು ಹಳೆಯದು. ಬದಲಾದದ್ದು ವೇಗ, ಮತ್ತು ಚಿತ್ರ ಅಂಟಿಕೊಂಡಾಗ ಅದಕ್ಕೆ ಬರುವ ಸಾಕ್ಷ್ಯದ ಬಲ.

ಚಿತ್ರದ ಕಥೆಗೆ ಫೋಟೊ ಸ್ಟುಡಿಯೋ ಹೊಕ್ಕು ಬರಬೇಕು. ಫಿಲ್ಮಿನ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ. ತೆಗೆದದ್ದು ತೊಳೆದು ಬರುವವರೆಗೆ ಹೇಗಿದೆಯೆಂದು ಯಾರಿಗೂ ಗೊತ್ತಿಲ್ಲ. ಪ್ರತಿ ಚಿತ್ರಕ್ಕೂ ಸ್ಟುಡಿಯೋದವರ ಪುಸ್ತಕದಲ್ಲಿ ಒಂದು ನಂಬರು. ನೆಗೆಟಿವ್ ಅವರ ಬಳಿಯೇ ಉಳಿಯುತ್ತಿತ್ತು, ಇನ್ನೊಂದು ಪ್ರತಿ ಬೇಕೆಂದರೆ ಫೋಟೊದ ಹಿಂದಿನ ನಂಬರು ತೋರಿಸಿ ಕೇಳಬೇಕು. ಹಾಗೆಂದರೆ ಊರಿನ ಅರ್ಧ ಮನೆಗಳ ಮುಖಗಳು ಒಬ್ಬ ವ್ಯಾಪಾರಿಯ ಡಬ್ಬಿಗಳಲ್ಲಿ ಇದ್ದವು. ಆತ ಅವನ್ನು ಬೇರೆಯವರಿಗೆ ಕೊಡುವುದಿಲ್ಲ ಎಂಬ ನಂಬಿಕೆಯ ಮೇಲೆ ಅಂಗಡಿ ನಡೆಯುತ್ತಿತ್ತು. ಮುಂಬಾಗಿಲ ಗಾಜಿನ ಶೋಕೇಸಿನಲ್ಲಿ ಯಾರದಾದರೂ ಚೆಂದದ ಫೋಟೊ ಇಡಬೇಕಾದರೆ, ಅದರಲ್ಲೂ ಹೆಣ್ಣುಮಕ್ಕಳದ್ದಾದರೆ, ಮನೆಯವರನ್ನು ಕೇಳಬೇಕು. ಕೇಳದೆ ಇಟ್ಟರೆ ಹಿರಿಯರು ಬಂದು ಜಗಳ ತೆಗೆಯುತ್ತಿದ್ದರು, ಫೋಟೊ ಅಲ್ಲಿಂದ ಇಳಿಯುತ್ತಿತ್ತು.

ಗಂಡಿನ ಮನೆಗೆ ಕಳಿಸುವ ಹುಡುಗಿಯ ಫೋಟೊಗೆ ಅದಕ್ಕಿಂತ ಕಟ್ಟುನಿಟ್ಟು. ಬಣ್ಣದ ಪರದೆಯ ಮುಂದೆ, ಕುರ್ಚಿಗೋ ಹೂದಾನಿಗೋ ಕೈ ತಾಗಿಸಿ ನಿಂತ ಆ ಚಿತ್ರ ಬಂಧುಗಳ ಕೈಯಲ್ಲೇ ಹೋಗಿ ಬಂಧುಗಳ ಕೈಯಲ್ಲೇ ವಾಪಸು ಬರಬೇಕು. ಸಂಬಂಧ ಕೂಡಲಿಲ್ಲವೆಂದರೆ ಮೊದಲು ಕೇಳುವ ಮಾತು ‘ಫೋಟೊ ಕೊಡಿ’. ಈ ಪದ್ಧತಿಯಲ್ಲಿ ಹೆಣ್ಣುಮಕ್ಕಳ ಮೇಲಿನ ಕಾವಲೂ ಸೇರಿತ್ತು ಎಂಬುದು ನಿಜ. ಆ ಹುಡುಗಿಯ ಇಷ್ಟವನ್ನು ಯಾರೂ ಕೇಳುತ್ತಿರಲಿಲ್ಲ. ಆದರೂ ಅದರೊಳಗೆ ಒಂದು ತಿಳಿವಳಿಕೆ ಇತ್ತು: ಮುಖದ ಚಿತ್ರ ಮುಖದವರದ್ದು, ಹೋದ ಕಡೆಯಿಂದ ಅದು ಹಿಂದಿರುಗಬೇಕು. ಹಿಂದಿರುಗುವ ಆ ದಾರಿಯೇ ಈಗ ಮುಚ್ಚಿಹೋಗಿದೆ. ಕಳಿಸಿದವರು ಅಳಿಸಿದರೂ ಪಡೆದವರ ಫೋನಿನಲ್ಲಿ, ಅವರು ಕಳಿಸಿದವರ ಫೋನಿನಲ್ಲಿ ಪ್ರತಿಗಳು ಉಳಿಯುತ್ತವೆ. ಒಂದು ಸ್ಕ್ರೀನ್‌ಶಾಟ್ ಸಾಕು.

ನಡುವೆ ನಿಂತವರು ಎಲ್ಲ ಸಲವೂ ಎಚ್ಚರವಾಗಿದ್ದರೇ? ಇಲ್ಲ. 1986ರ ಡಿಸೆಂಬರಿನಲ್ಲಿ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಮಲಯಾಳದಿಂದ ಅನುವಾದವಾದ ಒಂದು ಕಥೆ ಬಂತು. ಅದರ ಶೀರ್ಷಿಕೆ ಮುಸ್ಲಿಮರ ಮನಸ್ಸನ್ನು ನೋಯಿಸಿತು. ಬೆಂಗಳೂರು, ಮೈಸೂರುಗಳಲ್ಲಿ ಗಲಭೆಯಾಗಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಪತ್ರಿಕೆ ಕ್ಷಮೆ ಕೇಳಿತು. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನ ಉರ್ದು ವಾರ್ತೆ ಆರಂಭಿಸಿದಾಗಲೂ ಬೆಂಗಳೂರಿನಲ್ಲಿ ರಕ್ತ ಹರಿಯಿತು. ಸಂಪಾದಕರಿದ್ದ ಕಾಲ ಸುವರ್ಣಯುಗವಾಗಿರಲಿಲ್ಲ. ಆದರೆ ತಪ್ಪಾದಾಗ ಯಾರನ್ನು ಕೇಳಬೇಕು, ಯಾರು ಉತ್ತರ ಕೊಡಬೇಕು ಎಂಬುದು ಮರುದಿನ ಬೆಳಿಗ್ಗೆ ಗೊತ್ತಿರುತ್ತಿತ್ತು.

ದಾವಣಗೆರೆಗೆ ಗಲಭೆಯ ನೆನಪು ಎರವಲು ತಂದದ್ದಲ್ಲ. 1990ರ ಅಕ್ಟೋಬರಿನಲ್ಲಿ ಈ ಊರು ಕೋಮು ಹಿಂಸೆಯಲ್ಲಿ ಬೆಂದಿತು. ಅದೇ ದಿನಗಳಲ್ಲಿ ರಾಮನಗರ, ಚನ್ನಪಟ್ಟಣಗಳೂ ಹೊತ್ತಿಕೊಂಡವು. ಪಾರ್ಶ್ವವಾಯುವಿನಿಂದ ಬಳಲುತ್ತಿದ್ದ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ರಾಜೀವ್ ಗಾಂಧಿ ಕೆಳಗಿಳಿಸಿದ್ದು ಆ ಬೆನ್ನಿಗೇ. ಹತ್ತಿ ಮಿಲ್ಲು, ಮಂಡಿಪೇಟೆ, ಬೆಣ್ಣೆದೋಸೆಯ ಊರೆಂದು ಹೆಸರಾದ ಪಟ್ಟಣದಲ್ಲಿ ವ್ಯಾಪಾರ ನಡೆಯುವುದು ಹಿಂದೂ, ಮುಸ್ಲಿಂ ಎರಡೂ ಸಮುದಾಯದ ಕೈ ಕೂಡಿದರೆ ಮಾತ್ರ. ಅಂಗಡಿ ಬಾಗಿಲು ಮುಚ್ಚಿದ ದಿನಗಳ ಬೆಲೆ ಇಲ್ಲಿನವರಿಗೆ ಯಾರೂ ಕಲಿಸಬೇಕಿಲ್ಲ.

ಫೋನು ಕೈಗೆ ಬಂದ ಮೇಲೆ ಏನಾಗಬಹುದೆಂಬುದನ್ನು ಕರ್ನಾಟಕ ಮೊದಲು ದೊಡ್ಡ ಪ್ರಮಾಣದಲ್ಲಿ ಕಂಡದ್ದು 2012ರ ಆಗಸ್ಟಿನಲ್ಲಿ. ಅಸ್ಸಾಮಿನ ಗಲಭೆಗೆ ಸೇಡು ತೀರಿಸಲು ಈಶಾನ್ಯ ರಾಜ್ಯದವರ ಮೇಲೆ ದಾಳಿ ನಡೆಯಲಿದೆ ಎಂಬ ಎಸ್ಸೆಮ್ಮೆಸ್ಸುಗಳು, ಬೇರೆಲ್ಲಿಯದೋ ದುರಂತದ ಫೋಟೊಗಳು ಹರಿದಾಡಿದವು. ಹೋಟೆಲು, ಬ್ಯೂಟಿ ಪಾರ್ಲರು, ಕಾವಲು ಕೆಲಸದಲ್ಲಿದ್ದ ಸಾವಿರಾರು ಜನ ಗಂಟು ಕಟ್ಟಿಕೊಂಡು ಬೆಂಗಳೂರಿನ ರೈಲು ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಆಗಸ್ಟ್ 17ರಂದು ಕೇಂದ್ರ ಸರ್ಕಾರ ರಾಶಿ ಎಸ್ಸೆಮ್ಮೆಸ್ಸುಗಳನ್ನು ಹದಿನೈದು ದಿನ ನಿಷೇಧಿಸಿ, ಒಂದು ಸಲಕ್ಕೆ ಐದೇ ಸಂದೇಶವೆಂದು ಮಿತಿ ಹಾಕಿತು. ಮುದ್ರಕರೂ ಇಲ್ಲದ, ಸಂಪಾದಕರೂ ಇಲ್ಲದ ಕಡೆ ಸರ್ಕಾರವೇ ನಡುವೆ ಬಂದು ಕೂತಿತು.

ಆರು ವರ್ಷದ ಮೇಲೆ ಅದೇ ಐದರ ಅಂಕೆ ಮತ್ತೆ ಬಂತು. 2018ರಲ್ಲಿ ಮಕ್ಕಳ ಕಳ್ಳರ ವದಂತಿ ವಾಟ್ಸ್‌ಆ್ಯಪಿನಲ್ಲಿ ಊರೂರು ತಿರುಗಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಅದರ ಜೊತೆಗಿತ್ತು. ಅದು ನಡೆದದ್ದು ಕರಾಚಿಯಲ್ಲಿ, ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಮಾಡಿದ ಜಾಹೀರಾತಿಗಾಗಿ. ಮೂಲ ಚಿತ್ರದಲ್ಲಿ ಬೈಕಿನವರು ಮಗುವನ್ನು ವಾಪಸು ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ತುಣುಕನ್ನು ಕತ್ತರಿಸಿದ್ದರು. ಕೆಲವು ಕ್ಷಣಗಳ ಆ ಕತ್ತರಿಕೆ ಎಷ್ಟು ಜೀವ ತೆಗೆಯಿತೆಂದು ನೆನೆದರೆ ಮೈ ನಡುಗುತ್ತದೆ. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನನ್ನು ಗುಂಪು ಕಟ್ಟಿ ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದ ಹೈದರಾಬಾದಿನ ಗೆಳೆಯರ ಕಾರನ್ನು ಜನ ಅಡ್ಡಗಟ್ಟಿದರು. ಅವರ ಬಗೆಗಿನ ಸಂದೇಶ ಕಾರಿಗಿಂತ ಮೊದಲೇ ಮುಂದಿನ ಊರು ತಲುಪಿತ್ತು. ಅವರಲ್ಲೊಬ್ಬ ಎಂಜಿನಿಯರ್ ಸತ್ತರು. ಆ ತಿಂಗಳೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿಯನ್ನು ಪ್ರಕಟಿಸಿತು.

2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಆದದ್ದು ಇನ್ನೂ ಹತ್ತಿರದ ನೆನಪು. ಶಾಸಕರೊಬ್ಬರ ಬಂಧುವಿನ ಫೇಸ್‌ಬುಕ್ ಬರಹದಿಂದ ಹೊತ್ತಿದ ಬೆಂಕಿಗೆ ಶಾಸಕರ ಮನೆ, ಪೊಲೀಸ್ ಠಾಣೆಗಳು ಗುರಿಯಾದವು, ಪೊಲೀಸರ ಗುಂಡಿಗೆ ಜನ ಬಲಿಯಾದರು. ಬರಹ ಹಾಕಿದ್ದು ತಪ್ಪು. ಅದಕ್ಕೆ ಉತ್ತರವೆಂದು ಬೆಂಕಿ ಹಚ್ಚಿದ್ದು ಅದಕ್ಕಿಂತ ದೊಡ್ಡ ತಪ್ಪು.

ದಾವಣಗೆರೆ ಜಿಲ್ಲೆಯ ಸರದಿ 2022ರ ಫೆಬ್ರುವರಿಯಲ್ಲಿ ಬಂತು. ಹಿಜಾಬ್ ವಿವಾದ ಉಡುಪಿಯಿಂದ ರಾಜ್ಯಕ್ಕೆಲ್ಲ ಹಬ್ಬಿತ್ತು. ಫೆಬ್ರುವರಿ 8ರಂದು ಹರಿಹರದ ಕಾಲೇಜಿನ ಬಳಿ ಕಲ್ಲು ತೂರಾಟ ನಡೆದು, ದಾವಣಗೆರೆ ಮತ್ತು ಹರಿಹರದಲ್ಲಿ ನಿಷೇಧಾಜ್ಞೆ ಜಾರಿಯಾಯಿತು. ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ರಾಜ್ಯದ ಪ್ರೌಢಶಾಲೆ, ಕಾಲೇಜುಗಳಿಗೆ ಮೂರು ದಿನ ರಜೆ ಕೊಟ್ಟರು. ಆ ದಿನಗಳಲ್ಲೇ ಹರಿಹರ ತಾಲ್ಲೂಕಿನ ಮಲೆಬೆನ್ನೂರಿನಲ್ಲಿ, ಚನ್ನಗಿರಿ ತಾಲ್ಲೂಕಿನ ನಲ್ಲೂರಿನಲ್ಲಿ, ಹಿಜಾಬ್ ಕುರಿತು ಜಾಲತಾಣದಲ್ಲಿ ಹಾಕಿಕೊಂಡ ಮಾತಿನ ಕಾರಣಕ್ಕೆ ಯುವಕರ ಮೇಲೆ ಹಲ್ಲೆಗಳಾದವು. ವಾಟ್ಸ್‌ಆ್ಯಪ್ ಸ್ಟೇಟಸ್ ಇಪ್ಪತ್ತನಾಲ್ಕು ಗಂಟೆಗೆ ತಾನೇ ಅಳಿದುಹೋಗುತ್ತದೆ. ಗಾಯಕ್ಕೆ, ಎಫ್‌ಐಆರ್‌ಗೆ, ಕೋರ್ಟಿನ ದಿನಾಂಕಗಳಿಗೆ ಅಂಥ ಗಡುವಿಲ್ಲ. ಸಣ್ಣ ಊರಿನಲ್ಲಿ ಸ್ಟೇಟಸ್ ನೋಡುವವರು ಅಪರಿಚಿತರೂ ಅಲ್ಲ. ಒಂದೇ ಬಸ್ಸಿಗೆ ಕಾಯುವವರು, ಒಂದೇ ಕಾಲೇಜಿನ ಅಂಗಳದವರು. ಮಹಾನಗರದಲ್ಲಿ ಜನಸಂದಣಿಯೊಳಗೆ ಕರಗಿಹೋಗುವ ಮಾತು ಇಲ್ಲಿ ಹೆಸರು, ಬೀದಿ, ಮನೆ ಸಮೇತ ಗುರುತಾಗುತ್ತದೆ.

ಕಾನೂನು ಈ ವೇಗದ ಹಿಂದೆ ಎಡವುತ್ತಲೇ ಬಂದಿದೆ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಸೇರಿಸಿದ 66ಎ ಕಲಮು ‘ಕಿರಿಕಿರಿ’ ಉಂಟುಮಾಡುವ ಸಂದೇಶವನ್ನೂ ಅಪರಾಧವೆಂದಿತು. 2012ರ ನವೆಂಬರಿನಲ್ಲಿ ಬಾಳ ಠಾಕ್ರೆಯವರ ಸಾವಿನ ನಂತರ ಮುಂಬಯಿ ಬಂದ್ ಆದದ್ದನ್ನು ಪ್ರಶ್ನಿಸಿದ ಫೇಸ್‌ಬುಕ್ ಬರಹಕ್ಕೆ ಪಾಲ್ಘರಿನ ಇಬ್ಬರು ಯುವತಿಯರು ಬಂಧನಕ್ಕೊಳಗಾದರು. ಒಬ್ಬಾಕೆ ಬರೆದಿದ್ದಳು, ಇನ್ನೊಬ್ಬಾಕೆ ಬರೀ ಲೈಕ್ ಒತ್ತಿದ್ದಳು. 1908ರ ತಪ್ಪು ಮರುಕಳಿಸಿದ್ದೆಂದರೆ ಇದು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಆ ಕಲಮನ್ನೇ ಹೊಡೆದುಹಾಕಿತು. ಆ ತೀರ್ಪು ಸರಿಯಾದದ್ದು.

ಆದರೆ ಸ್ವಾತಂತ್ರ್ಯ ಕೊಟ್ಟ ಕೋರ್ಟೇ ಹೊಣೆಯನ್ನೂ ನೆನಪಿಸಿತು. ತಮಿಳು ನಟ, ರಾಜಕಾರಣಿ ಎಸ್.ವಿ. ಶೇಖರ್ 2018ರಲ್ಲಿ ಮಹಿಳಾ ಪತ್ರಕರ್ತರನ್ನು ಕೀಳಾಗಿ ಕಂಡ ಬರಹವೊಂದನ್ನು ಫೇಸ್‌ಬುಕ್ಕಿನಲ್ಲಿ ಹಂಚಿದ್ದರು. ಕಣ್ಣಿಗೆ ಔಷಧ ಹಾಕಿಕೊಂಡಿದ್ದರಿಂದ ಓದದೆಯೇ ಕಳಿಸಿದೆ, ಅದು ನನ್ನ ಬರಹವಲ್ಲ, ಮತ್ತೆ ಅಳಿಸಿದ್ದೇನೆ, ಕ್ಷಮೆಯನ್ನೂ ಕೇಳಿದ್ದೇನೆ ಎಂಬುದು ಅವರ ವಾದ. ಕಳಿಸಿದ ಸಂದೇಶ ಬಿಲ್ಲಿನಿಂದ ಹೊರಟ ಬಾಣದಂತೆ ಎಂದು ಮದ್ರಾಸ್ ಹೈಕೋರ್ಟು ಹೇಳಿತು. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೂ ಅವರ ಮೇಲಿನ ಪ್ರಕರಣ ರದ್ದು ಮಾಡಲು ಒಪ್ಪಲಿಲ್ಲ. ಹಿಂದೆ ಮುದ್ರಕರ ಹೆಸರು ಬೀಳುತ್ತಿದ್ದ ಜಾಗದಲ್ಲಿ ಈಗ ಫಾರ್ವರ್ಡ್ ಮಾಡಿದವರ ಹೆಸರು ಬೀಳುತ್ತದೆ ಎಂದಾಯಿತು.

ಫೋಟೊಗಳ ವಿಚಾರದಲ್ಲಿ ಪೆಟ್ಟು ತಿನ್ನುವವರು ಎಷ್ಟೋ ಸಲ ತಪ್ಪೇ ಮಾಡದವರು. 2023ರ ನವೆಂಬರಿನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಯುವತಿಯ ವಿಡಿಯೊಗೆ ಅಂಟಿಸಿ ಹರಿಬಿಟ್ಟರು. ಹೆಸರಾಂತ ನಟಿಯ ಪರವಾಗಿ ದೇಶವೇ ಮಾತಾಡಿತು. ಹೆಸರಿಲ್ಲದವರ ಪಾಡು ಬೇರೆ. ಉಡುಪಿ ಜಿಲ್ಲೆಯ ಒಬ್ಬ ಕೆಲಸಗಾರ ಸೌದಿ ಅರೇಬಿಯಾದಲ್ಲಿ 2019ರ ಡಿಸೆಂಬರಿನಲ್ಲಿ ಬಂಧನಕ್ಕೊಳಗಾದರು. ಅವರ ಹೆಸರಿನ ಖಾತೆಯಿಂದ ಅಲ್ಲಿನ ಯುವರಾಜ ಮತ್ತು ಮೆಕ್ಕಾದ ಬಗ್ಗೆ ಕೆಟ್ಟ ಬರಹ ಬಂದಿತ್ತು. ಆ ಖಾತೆಯೇ ನಕಲಿ, ಅದನ್ನು ತೆರೆದವರು ಮೂಡುಬಿದಿರೆಯವರು ಎಂಬುದನ್ನು ಉಡುಪಿಯ ಪೊಲೀಸರು ಪತ್ತೆ ಹಚ್ಚಿದರು. ಹೆಂಡತಿಯ ಹೋರಾಟ ಫಲಿಸಿ ಅವರು ಊರಿಗೆ ಮರಳಿದ್ದು 2021ರ ಆಗಸ್ಟಿನಲ್ಲಿ. ಒಂದು ಹೆಸರು, ಒಂದು ಫೋಟೊ ಕದ್ದವರ ಕೈಗೆ ಸಿಕ್ಕರೆ ಒಂದೂವರೆ ವರ್ಷಕ್ಕೂ ಹೆಚ್ಚಿನ ಜೈಲು ತಯಾರಾಗುತ್ತದೆ.

ದಾವಣಗೆರೆಯ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳಿಂದ ಪ್ರತಿವರ್ಷ ಹೊರದೇಶಕ್ಕೆ ಓದಲು ಹೊರಡುವ ಮಕ್ಕಳಿಗೆ ಇನ್ನೊಂದು ಬಾಗಿಲು ಎದುರಾಗಿದೆ. ವೀಸಾ ಕೇಳುವವರು ಐದು ವರ್ಷಗಳ ಜಾಲತಾಣ ಖಾತೆಗಳ ಹೆಸರು ಕೊಡಬೇಕೆಂದು ಅಮೆರಿಕ 2019ರಲ್ಲಿ ನಿಯಮ ಮಾಡಿತು. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾದವರು ಆ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಹತ್ತೊಂಬತ್ತನೇ ವಯಸ್ಸಿನ ಹುಮ್ಮಸ್ಸಿನಲ್ಲಿ ಬರೆದ ಕಾಮೆಂಟನ್ನು ಇಪ್ಪತ್ತಮೂರರಲ್ಲಿ ಒಬ್ಬ ವೀಸಾ ಅಧಿಕಾರಿ ಓದುತ್ತಾರೆ. ಇದು ನ್ಯಾಯವೇ ಎಂದು ಕೇಳಬೇಕು, ಕೇಳುತ್ತಲೂ ಇರಬೇಕು. ಅಷ್ಟರಲ್ಲಿ ಮಕ್ಕಳಿಗೆ ವಿಷಯ ಗೊತ್ತಿರುವುದು ಮುಖ್ಯ.

ಖಾಸಗಿತನ ಮೂಲಭೂತ ಹಕ್ಕು ಎಂದು ದೇಶಕ್ಕೆ ದಕ್ಕಿಸಿಕೊಟ್ಟ ಮೊಕದ್ದಮೆಯ ಹಿಂದೆ ಇದ್ದವರೂ ಕರ್ನಾಟಕದವರೇ. ರಾಜ್ಯ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ಹಕ್ಕನ್ನು ಎತ್ತಿ ಹಿಡಿಯಿತು. ಆ ತೀರ್ಪಿನ ಬುನಾದಿಯ ಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಹದಿನೆಂಟು ತುಂಬದ ಮಕ್ಕಳ ಮಾಹಿತಿ ಬಳಸಲು ಕಂಪನಿಗಳು ತಂದೆತಾಯಿಯ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ ಅದು. ಮನೆಯವರು ಮನೆಯ ಮಟ್ಟಿಗೆ ಬಳಸುವ ಮಾಹಿತಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಹಾಗಾಗಿ ಮಗುವಿನ ನಾಮಕರಣದ ಫೋಟೊ, ಶಾಲೆಯ ಹೆಸರು ಕಾಣುವ ಸಮವಸ್ತ್ರದ ಫೋಟೊ, ಬೀಗ ಹಾಕಿ ಊರಿಗೆ ಹೊರಟ ದಿನದ ಫೋಟೊ ಹಾಕುವ ಅಪ್ಪ ಅಮ್ಮನನ್ನು ಮಗುವಿನ ಪರವಾಗಿ ಕೇಳುವವರು ಯಾರೂ ಇಲ್ಲ. ಕಾಯ್ದೆಯ ಮೂರನೇ ಕಲಮಿನಲ್ಲಿ ಇನ್ನೊಂದು ವಿನಾಯಿತಿಯೂ ಇದೆ. ವ್ಯಕ್ತಿ ತಾನಾಗಿ ಸಾರ್ವಜನಿಕಗೊಳಿಸಿದ ಮಾಹಿತಿಗೆ ಈ ಕಾಯ್ದೆಯ ರಕ್ಷಣೆ ಅನ್ವಯಿಸುವುದಿಲ್ಲ, ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ತಾವೇ ಹಾಕಿದ್ದೂ ಅದರಲ್ಲಿ ಸೇರುತ್ತದೆ.